ಕೇಳಿ ಇಳಿಸಿದ ಕೊಪ್ಪರಿಗೆ

"ಗುರುಗಳೇ, ಕೆಲಸಕ್ಕೆ ಬಂದವರು ಯಾಕೆ ನಿಲ್ಲುವುದಿಲ್ಲ?"

ಕೇಳಿದವನು ಮಠದ ಅಡುಗೆಮನೆಯ ಹೊಣೆ ಹೊತ್ತ ಶಿಷ್ಯ. ಒಂದೇ ವರ್ಷದಲ್ಲಿ ಮೂವರು ಅಡುಗೆಯವರು ಬಿಟ್ಟು ಹೋಗಿದ್ದರು. ನಾಲ್ಕನೆಯವನು ಅಂದು ಬೆಳಿಗ್ಗೆ, ಸೋಮವಾರದಿಂದ ನಾನು ಬರುವುದಿಲ್ಲ ಎಂದಿದ್ದ. ಮಠದ ಶಾಲೆಯ ಮುನ್ನೂರು ಮಕ್ಕಳು ಉಣ್ಣುವುದು ಅವನು ಹಚ್ಚಿದ ಒಲೆಯಲ್ಲಿ ಬೆಂದದ್ದನ್ನು. ಸೋಮವಾರ ಆ ಒಲೆ ಹಚ್ಚಲು ಬೇರೆ ಯಾರೂ ಇರಲಿಲ್ಲ.

"ನಾನೇನು ಕಡಿಮೆ ಮಾಡಿದೆ ಹೇಳಿ," ಎಂದ ಶಿಷ್ಯ. "ಸಂಬಳ ಹೆಚ್ಚಿಸಿದೆ. ಇರಲು ಕೋಣೆ ಕೊಟ್ಟೆ. ಕೋಣೆಗೆ ಫ್ಯಾನು ಹಾಕಿಸಿದೆ. ಸುತ್ತ ಹತ್ತು ಮಠ ತಿರುಗಿ ಬನ್ನಿ. ಕೆಲಸದವರನ್ನು ನನ್ನ ಹಾಗೆ ನೋಡಿಕೊಳ್ಳುವ ಇನ್ನೊಬ್ಬ ಸಿಕ್ಕಿದರೆ ಈ ಕಾವಿ ಬಿಚ್ಚಿಡುತ್ತೇನೆ."

"ಕಾವಿ ಮೈಮೇಲೇ ಇರಲಿ. ಕೂತುಕೋ," ಎಂದರು ಗುರುಗಳು. ಆಮೇಲೆ ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನಿಗೆ ಕಬ್ಬಿನ ಗದ್ದೆ ಇತ್ತು, ಸ್ವಂತ ಆಲೆಮನೆ ಇತ್ತು. ಕಬ್ಬು ಅರೆಯಲು, ಒಲೆಗೆ ಸೋಗೆ ತುಂಬಲು ಎಷ್ಟು ಜನ ಬೇಕಾದರೂ ಸಿಗುತ್ತಾರೆ. ಪಾಕದವನು ಹಾಗೆ ಸಿಗುವುದಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಯಾವ ಗಳಿಗೆಯಲ್ಲಿ ಒಲೆಯಿಂದ ಇಳಿಸಬೇಕು ಎಂದು ಹೇಳುವವನೇ ಪಾಕದವನು. ಒಂದು ಗಳಿಗೆ ಮುಂಚೆ ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ. ಒಂದು ಗಳಿಗೆ ತಡವಾದರೆ ಸೀದು ಕಹಿಯಾಗುತ್ತದೆ. ದೂರದಿಂದ ವಾಸನೆ ಹೀರಿ ಹೋಗುವವರಿಗೆ ಇದು ಗೊತ್ತಾಗುವುದಿಲ್ಲ. ಒಲೆಯ ಮುಂದೆ ನಿಂತವನಿಗೇ ಗೊತ್ತು.

ಈ ರೈತನ ಆಲೆಮನೆಯಲ್ಲಿ ಪಾಕದವರು ನಿಲ್ಲುತ್ತಿರಲಿಲ್ಲ. ಮೊದಲನೆಯವನು ಒಂದು ಹಂಗಾಮು ಮುಗಿಸಿ ಹೋದ. ದುರಾಸೆಯವನು ಎಂದ ರೈತ. ಎರಡನೆಯವನಿಗೆ ಕೂಲಿ ಹೆಚ್ಚು ಕೊಟ್ಟ. ಅವನೂ ಹೋದ. ಮೂರನೆಯವನಿಗೆ ಕೂಲಿಯ ಜೊತೆಗೆ ವಾರಕ್ಕೊಮ್ಮೆ ಬಾಡೂಟ ಹಾಕಿಸಿದ, ಅವನ ಹೆಂಡತಿಗೆ ಸೀರೆ ಕೊಟ್ಟ. ಅವನು ಹಂಗಾಮು ಮುಗಿಯುವ ತನಕವೂ ಕಾಯಲಿಲ್ಲ.

ಊರಿನವರು ಆಡಿಕೊಂಡರು.

"ಗೌಡ್ರೇ, ನಿಮ್ಮ ಆಲೆಮನೆಗೆ ಎರಡು ಬಾಗಿಲಂತೆ? ಒಂದು ಬರೋಕೆ, ಇನ್ನೊಂದು ಓಡೋಕೆ!"

ರೈತನಿಗೆ ಉರಿದುಹೋಯಿತು. ಅದಕ್ಕಿಂತ ಹೆಚ್ಚು ಉರಿಸಿದ್ದು ಇನ್ನೊಂದು ಸಂಗತಿ. ಬಿಟ್ಟುಹೋದ ಮೂವರೂ ಒಬ್ಬರಾದ ಮೇಲೊಬ್ಬರು ನಾಲೆಯಾಚೆಯ ಒಂದೇ ಆಲೆಮನೆ ಸೇರಿದ್ದರು. ಅಲ್ಲಿ ಕೂಲಿ ಕಡಿಮೆ. ಬಾಡೂಟವೂ ಇಲ್ಲ. ಆ ಯಜಮಾನ ಇವರಿಗೆ ಏನು ಮದ್ದು ಹಾಕುತ್ತಾನೆ ನೋಡಿಯೇ ಬಿಡುತ್ತೇನೆ ಎಂದು ರೈತ ಒಂದು ದಿನ ನಾಲೆ ದಾಟಿ ಹೋದ.

ಅಲ್ಲಿಯ ಯಜಮಾನ ಗೋಣಿಚೀಲದ ಮೇಲೆ ಕೂತು ಕಬ್ಬು ಸೀಳಿ ತಿನ್ನುತ್ತಿದ್ದ. ಕೊಪ್ಪರಿಗೆ ಕುದಿಯುತ್ತಿತ್ತು. ಯಜಮಾನ ಪಾಕದವನನ್ನು ಕೇಳಿದ.

"ಇಳಿಸೋಣ್ವಾ?"

"ಇನ್ನೂ ಇಲ್ಲ."

ಯಜಮಾನ ಕಬ್ಬು ಅಗಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ. ಪಾಕದವನು ತಲೆ ಅಲ್ಲಾಡಿಸಿದ. ಯಜಮಾನ ಮತ್ತೆ ಕಬ್ಬು ಅಗಿದ. ಮೂರನೆಯ ಸಲ ಕೇಳಿದಾಗ ಪಾಕದವನು, ಹೂಂ, ಹಿಡೀರಿ ಎಂದ. ನಾಲ್ಕು ಜನ ಕೊಪ್ಪರಿಗೆ ಹಿಡಿದು ಇಳಿಸಿದರು.

ರೈತನಿಗೆ ನಗು ಬಂತು. ಇಷ್ಟೇನಾ! ನಾನು ಮೂರು ವರ್ಷ "ಇಳಿಸು" ಎಂದು ಕೂಗಿದ್ದೆ, ಇವನು "ಇಳಿಸೋಣ್ವಾ" ಅನ್ನುತ್ತಾನೆ. ಒಂದು ಮಾತಿಗೋಸ್ಕರ ಮೂವರನ್ನು ಕಳೆದುಕೊಂಡೆನಲ್ಲ ಎಂದುಕೊಂಡು ರೈತ ಖುಷಿಯಿಂದ ಮನೆಗೆ ಬಂದ.

ಇಲ್ಲಿಗೆ ಬಂದಾಗ ಶಿಷ್ಯ ತೊಡೆ ತಟ್ಟಿದ.

"ಗೊತ್ತಾಯಿತು ಗುರುಗಳೇ. ಕೆಲಸದವರ ಹತ್ತಿರ ಮೆತ್ತಗೆ ಮಾತಾಡಬೇಕು."

"ತಡಿ. ಕೊಪ್ಪರಿಗೆ ಇನ್ನೂ ಒಲೆಯ ಮೇಲೇ ಇದೆ," ಎಂದು ಗುರುಗಳು ಮುಂದುವರಿಸಿದರು.

ಮುಂದಿನ ಹಂಗಾಮಿಗೆ ರೈತ ನಾಲ್ಕನೆಯ ಪಾಕದವನನ್ನು ಹುಡುಕಿದ. ಸುತ್ತಲ ಊರುಗಳಲ್ಲಿ ಅವನ ಆಲೆಮನೆಗೆ ಬರಲು ಒಪ್ಪುವವನು ಇವನೊಬ್ಬನೇ ಉಳಿದಿದ್ದ. ಇವನು ಹೋದರೆ ಕಬ್ಬು ಅರೆದೂ ಪ್ರಯೋಜನವಿರಲಿಲ್ಲ. ರೈತನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮೊದಲ ದಿನ ಕೊಪ್ಪರಿಗೆ ಕುದಿಯಿತು. ರೈತ ಹತ್ತಿರ ಬಂದ.

"ಇಳಿಸೋಣ್ವಾ?"

ಪಾಕದವನು ಅವನ ಮುಖ ನೋಡಿದ. ಈ ಗೌಡನ ಬಗ್ಗೆ ಅವನು ಬೇರೆಯೇ ಕೇಳಿದ್ದ. ಆಮೇಲೆ ಪಾಕವನ್ನು ಸೌಟಿನಲ್ಲಿ ಎತ್ತಿ, ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿದ.

"ಇನ್ನು ಸ್ವಲ್ಪ ತಡೀರಿ ಗೌಡ್ರೇ."

ರೈತನೂ ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದ. ಬಣ್ಣ ಒಪ್ಪಿಗೆಯಾಯಿತು. ಅವನೇನು ನಿನ್ನೆ ಮೊನ್ನೆ ಕಬ್ಬು ಕಂಡವನಲ್ಲ. ನನಗೇನೋ ಆಯ್ತು ಅನ್ನಿಸ್ತದಪ್ಪ ಎಂದು ಆಳುಗಳ ಕಡೆ ತಿರುಗಿ, ಹಿಡೀರಿ ಎಂದ. ಇಳಿಸಿದರು.

ಬೆಲ್ಲ ಕೆಟ್ಟಿತು ಎಂದುಕೊಂಡೆಯಾ? ಕೆಡಲಿಲ್ಲ. ಚೆನ್ನಾಗಿಯೇ ಬಂತು. ಎರಡನೆಯ ಕೊಪ್ಪರಿಗೆಯಲ್ಲೂ ರೈತ ಕೇಳಿದ, ಪಾಕದವನು ತಡೀರಿ ಎಂದ, ರೈತ ಇಳಿಸಿದ. ಅದೂ ಚೆನ್ನಾಗಿ ಬಂತು. ಹೀಗೆ ಮೂರು ದಿನ ನಡೆಯಿತು. ಒಂದು ಸಲವೂ ರೈತ ಕೇಳದೆ ಇಳಿಸಲಿಲ್ಲ. ಒಂದು ಸಲವೂ ಗದರಲಿಲ್ಲ. ಈ ಸಲ ಇವನು ಹೋಗುವುದಿಲ್ಲ ಎಂದು ಹೆಂಡತಿಗೂ ಹೇಳಿದ.

ನಾಲ್ಕನೆಯ ದಿನ ಬೆಳಿಗ್ಗೆ ಆಲೆಮನೆಯ ಅಂಗಳದಲ್ಲಿ ಮೂರು ಗಾಡಿ ಕಬ್ಬು ಕಡಿದು ಹಾಕಿದ್ದರು. ಪಾಕದವನು ಬಂದ. ಬಂದವನು ಒಲೆಯ ಹತ್ತಿರ ಹೋಗಲಿಲ್ಲ. ಸೂರಿನಲ್ಲಿ ಸಿಕ್ಕಿಸಿದ್ದ ತನ್ನ ಸೌಟು ತೆಗೆದುಕೊಂಡು ಟವೆಲಿನಲ್ಲಿ ಸುತ್ತಿದ.

"ಯಾಕಯ್ಯ?" ಎಂದ ರೈತ.

"ನಾನು ಬರ್ತೀನಿ ಗೌಡ್ರೇ. ಬೇರೆ ಯಾರನ್ನಾದರೂ ನೋಡ್ಕೊಳ್ಳಿ."

"ಕೂಲಿ ಕಡಿಮೆಯಾಯ್ತಾ?"

"ಇಲ್ಲ."

"ಬೈದ್ನಾ ನಿನ್ನ?"

"ಅದೂ ಇಲ್ಲ."

"ಮತ್ತೆ? ಈ ಸೀಮೇಲಿ ಯಾವ ಯಜಮಾನ ಪಾಕದವನನ್ನ ನನ್ನ ಹಾಗೆ ಕೇಳ್ತಾನೆ ಹೇಳು! ಪ್ರತಿ ಕೊಪ್ಪರಿಗೆನೂ ನಿನ್ನ ಕೇಳಿಯೇ ಇಳಿಸಿದೀನಿ!"

"ಕೇಳಿದ್ರಿ," ಎಂದ ಪಾಕದವನು. "ಹನ್ನೆರಡು ಸಲ ಕೇಳಿದ್ರಿ. ಹನ್ನೆರಡು ಸಲವೂ ನಾನು ತಡೀರಿ ಅಂದೆ. ನೀವು ತಡೀಲಿಲ್ಲ. ಮೊದಲಿನವರಿಗೆ ಇಳಿಸು ಅಂತ ಕೂಗ್ತಿದ್ರಂತೆ. ಅದಾದರೂ ನೆಟ್ಟಗಿತ್ತು. ಅವರು ಕೈ ಹಾಕಿದರೆ ಸಾಕಿತ್ತು, ಬಾಯಿ ತೆಗೀಬೇಕಾಗಿರಲಿಲ್ಲ. ನನ್ನ ಹತ್ತಿರ ಬಾಯಿ ಬಿಡಿಸಿ, ಆ ಮಾತನ್ನ ಕೊಪ್ಪರಿಗೆ ಮೇಲಿನ ಕಸದ ನೊರೆ ಎತ್ತಿ ಹಾಕಿದ ಹಾಗೆ ಎತ್ತಿ ಹಾಕ್ತೀರಿ."

"ಬೆಲ್ಲ ಚೆನ್ನಾಗೇ ಬಂತಲ್ಲೋ!"

"ಬಂತು. ಹಾಗಾದರೆ ಪಾಕ ನಿಮಗೇ ಗೊತ್ತು. ನಾನು ಇಲ್ಲಿ ಯಾಕೆ ನಿಂತಿದೀನಿ ಅನ್ನೋದೇ ನನಗೆ ಗೊತ್ತಾಗಲಿಲ್ಲ."

ಅವನು ಹೋದ. ರೈತ ಆ ದಿನ ತಾನೇ ಪಾಕಕ್ಕೆ ನಿಂತ. ಒಂದು ಕಣ್ಣು ಗಾಣದ ಮೇಲೆ, ಇನ್ನೊಂದು ಒಲೆಯ ಮೇಲೆ. ಉರಿ ನೋಡಿ ಹಾಲನ್ನು ಹದದ ಹತ್ತಿರಕ್ಕೆ ತರುತ್ತಿದ್ದವನು ಈಗ ಇರಲಿಲ್ಲ. ಮೊದಲ ಕೊಪ್ಪರಿಗೆ ಸೀದಿತು. ಎರಡನೆಯದು ಅಚ್ಚಿನಲ್ಲಿ ಗಟ್ಟಿಯಾಗದೆ ಹರಿಯಿತು. ಆಗ ಅವನಿಗೆ ಕೇಳಲು ಯಾರಾದರೂ ಬೇಕಾಗಿತ್ತು. ಉಳಿದ ಕಬ್ಬು ಅಂಗಳದಲ್ಲೇ ಹುಳಿಯಾಗಿ, ಅದರ ಮೇಲೆ ನೊಣ ಕೂತವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಗಟ್ಟಿಯಾಗಿ ನಕ್ಕ.

"ದಡ್ಡ ಗೌಡ! ಎದುರಿಗೆ ನಿಂತು ಹೇಳುವವನ ಮಾತು ಕಿವಿಗೆ ಹಾಕಿಕೊಳ್ಳದೆ ಹೋದನಲ್ಲ. ನಾನು ಹಾಗಲ್ಲ ಗುರುಗಳೇ. ಬೆಳಿಗ್ಗೆ ಅಡುಗೆಯವನು ಬಿಡುತ್ತೇನೆ ಎಂದ ಕೂಡಲೇ ಕೈ ಹಿಡಿದು ಕೂರಿಸಿಕೊಂಡೆ. ಯಾಕಪ್ಪಾ ಹೋಗುತ್ತೀಯ ಎಂದು ಒಂದಲ್ಲ, ಮೂರು ಸಲ ಕೇಳಿದೆ."

"ಏನಂದ?" ಎಂದರು ಗುರುಗಳು.

ಶಿಷ್ಯ ಬಾಯಿ ತೆರೆದ. ಅಡುಗೆಯವನು ಕೊಟ್ಟ ಉತ್ತರ ಒಂದೂ ನೆನಪಾಗಲಿಲ್ಲ.