ಬಳೆಗಾರ್ತಿಯ ಕಾಲ ಗಂಟು

"ಗುರುಗಳೇ, ನನ್ನ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇ, ಬೇಡವೇ?" ಎಂದು ಶಿಷ್ಯ ರೇವಯ್ಯ ಕೇಳಿದ.

ಗುರುಶಿಷ್ಯರಿಬ್ಬರೂ ಬೆಳಗಿನ ಹೊತ್ತು ಮಠದಿಂದ ಪಕ್ಕದ ಊರಿಗೆ ನಡೆದು ಹೊರಟಿದ್ದರು. ರೇವಯ್ಯನ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿತ್ತು. ಅದರ ಬುಡದ ಮೂಳೆ ಗೋಲಿಯಷ್ಟು ಹೊರಗೆ ಉಬ್ಬಿತ್ತು. ಬರುವ ವರ್ಷ ಅವನಿಗೆ ಮಠದ ಪಟ್ಟ. ಅಂದು ಭಕ್ತರು ಸಾಲಾಗಿ ಬಂದು ಅವನ ಪಾದ ತೊಳೆದು ಪೂಜೆ ಮಾಡುತ್ತಾರೆ. ಇಂಥ ಸೊಟ್ಟ ಕಾಲನ್ನು ಅವರ ಮುಂದೆ ಹೇಗೆ ಚಾಚಲಿ ಎಂಬುದು ಅವನ ಸಂಕಟ.

ಗುರುಗಳು ನಕ್ಕರು, ನಡಿಗೆ ನಿಲ್ಲಿಸಲಿಲ್ಲ. "ಒಬ್ಬ ಬಳೆಗಾರ್ತಿ ಇದ್ದಳು, ಕೇಳು" ಎಂದರು.

ಬಳೆಗಾರ್ತಿಗೆ ಹತ್ತು ಊರುಗಳ ಸುತ್ತು. ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಹೊರಟಳೆಂದರೆ ದಿನಕ್ಕೊಂದು ಊರು. ಹೆಣ್ಣೊಬ್ಬಳ ಕೈಯನ್ನು ಒಮ್ಮೆ ಹಿಂಡಿ ನೋಡಿದರೆ ಸಾಕು, ಯಾವ ಅಳತೆಯ ಬಳೆ ಎಂದು ಹೇಳಿಬಿಡುತ್ತಿದ್ದಳು. ಸಡಿಲ ಬಳೆ ತೊಡಿಸುವವಳು ಬಳೆಗಾರ್ತಿಯೇ ಅಲ್ಲ ಎನ್ನುವುದು ಅವಳ ಜಂಬ. ಬಳೆ ಕೈಯ ಗೆಣ್ಣು ದಾಟುವಾಗ ತೊಡುವವಳು 'ಅಯ್ಯಮ್ಮಾ' ಅನ್ನಬೇಕು, ದಾಟಿದ ಮೇಲೆ ಇಬ್ಬರೂ ನಗಬೇಕು. ಹಾಗಾದರೇನೇ ಅವಳಿಗೆ ಸಮಾಧಾನ.

ಕೈಯ ನೇಮವನ್ನೇ ಆ ಪುಣ್ಯಾತ್ಗಿತ್ತಿ ಕಾಲಿಗೂ ಹಾಕಿದಳು. ಚಪ್ಪಲಿ ಕೊಳ್ಳುವಾಗಲೂ ಬಿಗಿಯಾಗಿ ಹಿಡಿದು ಕೂರುವಂಥದ್ದೇ ಬೇಕು. ಇಪ್ಪತ್ತು ವರ್ಷ ಹಾಗೆಯೇ ನಡೆದಳು. ಹೆಬ್ಬೆರಳು ವಾಲಿತು, ಬುಡದಲ್ಲಿ ಗಂಟು ಎದ್ದಿತು. ನೋಡಿದವರಲ್ಲಿ ಒಬ್ಬಳು 'ಕೊಯ್ಸಿಬಿಡು' ಎಂದಳು, ಇನ್ನೊಬ್ಬಳು 'ಕೊಯ್ಸಿದ್ರೆ ಕುಂಟಿಯಾಗ್ತೀಯ' ಎಂದಳು. ಕಾಲು ಒಂದು, ಬಾಯಿ ಹತ್ತೂರಿನವು. ಅವಳು ದಿಕ್ಕು ತೋಚದೆ ಪೇಟೆಯ ವೈದ್ಯರ ಹತ್ತಿರ ಹೋದಳು.

"ಇದರಿಂದ ನಿಮ್ಮ ಯಾವ ಕೆಲಸ ನಿಂತಿದೆ ಅಮ್ಮಾ?" ಎಂದು ವೈದ್ಯರು ಕೇಳಿದರು.

"ನಿಂತಿರೋದು ಏನೂ ಇಲ್ಲ ಸ್ವಾಮಿ. ಚಪ್ಪಲಿ ಹಾಕ್ಕೊಂಡ್ರೆ ಒತ್ತುತ್ತೆ. ನೋಡೋಕೂ ಚೆಂದಾಗಿಲ್ಲ."

ವೈದ್ಯರು ಬಾಗಿಲಲ್ಲಿದ್ದ ಅವಳ ಚಪ್ಪಲಿ ತರಿಸಿ ನೋಡಿದರು. "ಕೊಯ್ಯೋದಾದ್ರೆ ಮೊದಲು ಇದನ್ನ ಕೊಯ್ಯಬೇಕು" ಎಂದರು.

ಬಳೆಗಾರ್ತಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ನಗುತ್ತ ಮನೆಗೆ ಬಂದಳು. ಚಮ್ಮಾರನಿಗೆ ಕಾಲಿನ ಅಚ್ಚು ಕೊಟ್ಟು ಮುಂದೆ ಅಗಲವಿರುವ ಚಪ್ಪಲಿ ಹೊಲಿಸಿದಳು. ಆಮೇಲೆ ಎರಡು ವರ್ಷ ಗಂಟು ತನ್ನ ಪಾಡಿಗೆ ತಾನಿತ್ತು, ಅವಳು ತನ್ನ ಪಾಡಿಗೆ ಹತ್ತೂರು ಸುತ್ತಿದಳು.

ಮೂರನೆಯ ವರ್ಷ ನೋವು ಹಿಡಿಯಿತು. ಅಗಲ ಚಪ್ಪಲಿಯಲ್ಲೂ ನೋವು, ಬರಿಗಾಲಲ್ಲೂ ನೋವು. ಮೆತ್ತೆ ಇಟ್ಟುಕೊಂಡು ನೋಡಿದಳು, ಮಾತ್ರೆ ನುಂಗಿ ನೋಡಿದಳು. ಹತ್ತು ಊರು ಏಳಾಯಿತು, ಏಳು ನಾಲ್ಕಾಯಿತು. ಗುಡ್ಡದಾಚೆಯ ಊರು ಎಲ್ಲಕ್ಕಿಂತ ಮೊದಲು ತಪ್ಪಿತು. ಅಲ್ಲಿ ಅವಳು ತೊಟ್ಟಿಲ ಕೂಸುಗಳಿಗೂ ಬಳೆ ತೊಡಿಸಿದ್ದಳು, ಆ ಕೂಸುಗಳ ಮದುವೆಗೂ ತೊಡಿಸಿದ್ದಳು. 'ನಮ್ಮ ಬಳೆಗಾರಮ್ಮ ಇದಾಳೋ ಇಲ್ಲವೋ' ಎಂದು ಆ ಊರಿನವರು ಕೇಳಿದರಂತೆ. ಅದನ್ನು ಕೇಳಿದ ದಿನ ಅವಳು ಅನ್ನ ಮುಟ್ಟಲಿಲ್ಲ.

ಮತ್ತೆ ವೈದ್ಯರ ಹತ್ತಿರ ಹೋದಳು. ಅವರು ಕೇಳುವ ಮೊದಲೇ, "ಈ ಗಂಟು ನನ್ನ ಆರು ಊರು ನುಂಗಿಬಿಡ್ತು ಸ್ವಾಮಿ" ಎಂದಳು.

"ಹಾಗಾದ್ರೆ ಈಗ ಮಾತಾಡೋಣ, ಕೂತ್ಕೊಳ್ಳಿ" ಎಂದರು ವೈದ್ಯರು. ಅವರು ಏನನ್ನೂ ಮುಚ್ಚಿಡಲಿಲ್ಲ. ಮೂಳೆಯನ್ನು ಕೊಯ್ದು ನೇರಕ್ಕೆ ಕೂರಿಸಬೇಕು. ಒಂದೂವರೆ ತಿಂಗಳಾದರೂ ಕಾಲನ್ನು ಜೋಪಾನ ಮಾಡಬೇಕು. ಊತ ಪೂರ್ತಿ ಇಳಿಯಲು ಹಲವು ತಿಂಗಳು ಹಿಡಿಯುತ್ತದೆ. ಬೆರಳು ಮೊದಲಿನಂತೆ ಬಾಗದೆ ಹೋಗಬಹುದು, ಗಂಟು ಮತ್ತೆ ತಲೆ ಎತ್ತಲೂಬಹುದು. ಗುಡ್ಡ ಹತ್ತಬಹುದೇ ಎಂದು ಅವಳು ಕೇಳಿದ್ದಕ್ಕೆ, ಹೆಚ್ಚಿನವರು ಹತ್ತುತ್ತಾರೆ, ಆದರೆ ಬರೆದುಕೊಡಲಾರೆ ಎಂದರು.

ಬಳೆಗಾರ್ತಿ ಮೂರು ದಿನ ಯೋಚಿಸಿದಳು. ಈ ಸಲ ಯಾರ ಬಾಯನ್ನೂ ಕೇಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತಾಗ ಅವಳಿಗೆ ಹೆದರಿಕೆ ಹತ್ತಿತು. ತಿಂಗಳುಗಟ್ಟಲೆ ಕಾಣದವಳನ್ನು ಯಾರು ನೆನೆಯುತ್ತಾರೆ? ಕಣ್ಣಿಗೆ ಮರೆಯಾದವಳು ಮನಸ್ಸಿಗೂ ಮರೆಯಾದಳೆಂದೇ ಅವಳ ಲೆಕ್ಕ. ಹದಿನೈದು ದಿನ ಕಳೆದಿರಬೇಕು, ಬಾಗಿಲಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತು. ಅದರ ತುಂಬ ಗುಡ್ಡದಾಚೆಯ ಊರಿನ ಹೆಂಗಸರು.

"ಕಾಲಿಗೆ ತಾನೆ ಪಟ್ಟಿ ಕಟ್ಟಿರೋದು ಬಳೆಗಾರಮ್ಮಾ? ಕೈ ಚೆನ್ನಾಗೈತಲ್ಲ, ತೆಗೀರಿ ಬಳೆ!" ಎಂದಳು ಅವರಲ್ಲಿ ಹಿರಿಯಳು.

ಬಳೆಗಾರ್ತಿ ದಿಂಬಿನ ಮೇಲೆ ಕಾಲು ಚಾಚಿಕೊಂಡೇ ಹೊತ್ತು ಮುಳುಗುವವರೆಗೆ ಬಳೆ ತೊಡಿಸಿದಳು. ಅವಳಿಗಾದ ಸಂತೋಷಕ್ಕೆ ಮಿತಿಯಿಲ್ಲ. ಶ್ರಾವಣ ಬರುವಷ್ಟರಲ್ಲಿ ನೋವು ಹೋಗಿತ್ತು. ಬೆರಳೇನೋ ಸ್ವಲ್ಪ ಸೆಟೆದೇ ಉಳಿಯಿತು, ಅವಳು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನಡುನಡುವೆ ಕೂತು, ನೀರು ಕುಡಿದು, ತನ್ನ ಕಾಲಲ್ಲೇ ಗುಡ್ಡ ಹತ್ತಿ ಇಳಿದಳು. ಊರ ಬಾವಿಯ ಹತ್ತಿರ ಅವಳನ್ನು ಕಂಡ ಹೆಂಗಸರು ಕೊಡ ಅಲ್ಲೇ ಬಿಟ್ಟು ಓಡಿಬಂದರು.

ಕತೆ ಮುಗಿಯುವಷ್ಟರಲ್ಲಿ ದಾರಿ ಏರಾಗಿತ್ತು. ರೇವಯ್ಯನ ಮುಖ ಅರಳಿತು. ಅವನು ದಾಪುಗಾಲು ಹಾಕಿ ಗುರುಗಳಿಗಿಂತ ಮೊದಲೇ ಏರು ಹತ್ತಿ, ತಿರುಗಿ ನಿಂತ.

"ಹಾಗಾದರೆ ಮಾಡಿಸಿಕೊಳ್ಳುವುದೇ ಸರಿ, ಗುರುಗಳೇ. ನಾಳೆಯೇ ವೈದ್ಯರ ಹತ್ತಿರ ಹೋಗುತ್ತೇನೆ" ಎಂದ.

ಗುರುಗಳು ಏದುಸಿರು ಬಿಡುತ್ತ ಮೇಲೆ ಬಂದು, ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

"ಹೋಗಪ್ಪ, ಹೋಗು, ಮಠದಿಂದ ಇಲ್ಲಿಗೆ ಒಂದು ಹರದಾರಿ ಬಂದೆವಲ್ಲ, ದಾರಿಯಲ್ಲಿ ಕಾಲು ಎಲ್ಲಿ ನೋಯಿತು ಎಂದು ವೈದ್ಯರು ಕೇಳಿದರೆ ಏನು ಹೇಳುತ್ತೀಯೆ?"