ಪರದೆಯೊಳಗಿನ ಕತ್ತೆ

"ಗುರುಗಳೇ, ಮಕ್ಕಳ ಕಣ್ಣು ಪರದೆಯ ಮೇಲೆ ನಿಲ್ಲುವಂತೆ ಮಾಡುವುದು ಹೇಗೆ?" ಎಂದು ತಿಪ್ಪೇಶ ಕೇಳಿದ.

ತಿಪ್ಪೇಶ ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಾಲಾ ಮೇಷ್ಟ್ರು. ಅವನು ಕೇಳಿದ್ದು ರುದ್ರಮುನಿ ಮೇಷ್ಟ್ರನ್ನು. ಮೇಷ್ಟ್ರಾಗುವವರಿಗೆ ಪಾಠ ಹೇಳಿಯೇ ಅವರು ಮೂವತ್ತೈದು ವರ್ಷ ಕಳೆದಿದ್ದರು. ನಿವೃತ್ತರಾದ ಮೇಲೂ ಭಾನುವಾರ ಬಂತೆಂದರೆ ಹಳೆಯ ಶಿಷ್ಯರು ಅವರ ಜಗಲಿಗೆ ಬಂದು ಕೂರುತ್ತಿದ್ದರು. ಬಂದವರ ಮುಂದೆ ಮೊದಲು ಒಂದು ಮೊರ ಅವರೆಕಾಯಿ ಬರುತ್ತಿತ್ತು. ಸುಲಿಯುತ್ತಾ ಮಾತಾಡಬೇಕು. ಅದು ಆ ಮನೆಯ ಪದ್ಧತಿ.

ತಿಪ್ಪೇಶ ಸುಲಿಯಲಿಲ್ಲ. ಅವನ ಎರಡೂ ಕೈಯಲ್ಲಿ ಟ್ಯಾಬ್ ಇತ್ತು.

"ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ ಗುರುಗಳೇ. ಮಗುವಿಗೊಂದು ಟ್ಯಾಬೂ ಬಂದಿದೆ. ಯಾರು ಎಷ್ಟು ಹೊತ್ತು ನೋಡಿದರು, ಎಷ್ಟು ಸರಿ ಒತ್ತಿದರು, ಎಲ್ಲ ಇದರಲ್ಲೇ ಬರುತ್ತದೆ. ನೋಡಿ, ನನ್ನ ಮೂರನೇ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಜನ ಕೆಂಪು. ಇವರನ್ನು ಮತ್ತೆ ಎರಡನೇ ತರಗತಿಯಲ್ಲಿ ಕೂರಿಸಿ ಎಂದು ನಾಳೆ ಪಟ್ಟಿ ಕೊಡಬೇಕಾಗಿದೆ. ನನಗೂ ಇದು ಬೇಡದ ಕೆಲಸ. ಇದಕ್ಕಿಂತ ಒಳ್ಳೆಯ ಆ್ಯಪ್ ಇದ್ದರೆ ಹೇಳಿ. ಇನ್ನಷ್ಟು ಬಣ್ಣ, ಇನ್ನಷ್ಟು ಸದ್ದು ಇರುವಂಥದ್ದು."

"ಆ್ಯಪ್ ವಿಷಯ ನನಗೆ ಗೊತ್ತಿಲ್ಲ ಮಾರಾಯ," ಎಂದರು ಗುರುಗಳು. "ಒಂದು ಕತ್ತೆಯ ವಿಷಯ ಗೊತ್ತು. ಹೇಳುತ್ತೇನೆ ಕೇಳು."

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರು ಇದ್ದ. ಒಳ್ಳೆಯವನು. ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ಆದರೆ ಅವನು ಬಾಯಿ ತೆರೆದರೆ ತರಗತಿ ಆಕಳಿಸುತ್ತಿತ್ತು. ಮೊದಲ ಸಾಲಿನಲ್ಲಿ ಹುಟ್ಟಿದ ಆಕಳಿಕೆ ಕೊನೆಯ ಸಾಲಿಗೆ ಹೋಗಿ, ಅಲ್ಲಿಂದ ತಿರುಗಿ ಬಂದು ಮೇಷ್ಟ್ರಿಗೇ ತಗಲುತ್ತಿತ್ತು. ಆಮೇಲೆ ಎಲ್ಲರೂ ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದರು.

ಯಾರೋ ಪುಣ್ಯಾತ್ಮರು ಆ ಶಾಲೆಗೆ ಒಂದು ದೊಡ್ಡ ಪರದೆ ಕೊಟ್ಟರು. ಜೊತೆಗೆ ಮಗುವಿಗೊಂದು ರಿಮೋಟು. ರಿಮೋಟಿಗೆ ನಾಲ್ಕು ಗುಂಡಿ, ಬೆನ್ನಿಗೆ ಒಂದು ನಂಬರು. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಕೆಳಗೆ ನಾಲ್ಕು ಉತ್ತರ. ಸರಿ ಎನಿಸಿದ್ದನ್ನು ಒತ್ತಬೇಕು. ಹೆಚ್ಚು ಮಕ್ಕಳು ಸರಿ ಒತ್ತಿದರೆ ಒಂದು ತಾವರೆ ಮೆಲ್ಲಗೆ ಅರಳುತ್ತಿತ್ತು. ತಪ್ಪು ಒತ್ತಿದರೆ ಕತ್ತೆ ಬರುತ್ತಿತ್ತು.

ಮಕ್ಕಳಿಗೆ ನಾಚಿಕೆಯಾಗಲಿ ಎಂದು ಆ ಕತ್ತೆಯನ್ನು ಹಾಕಿದ್ದಂತೆ. ಹಾಕಿದವನು ಯಾವ ಊರಿನ ಬುದ್ಧಿವಂತನೋ ಕಾಣೆ, ಅವನ ಮನೆಯಲ್ಲಿ ಮಕ್ಕಳಿರಲಿಲ್ಲ ಎಂದು ಮಾತ್ರ ಬರೆದುಕೊಡುತ್ತೇನೆ. ಅರ್ಧ ತರಗತಿ ತಪ್ಪಿದರೆ ಕತ್ತೆ ಒಂದು ಸಲ ಅರಚುತ್ತಿತ್ತು. ಮುಕ್ಕಾಲು ತಪ್ಪಿದರೆ ಹಲ್ಲು ಕಿರಿದು ಎರಡು ಸಲ. ಒಬ್ಬರೂ ಬಿಡದೆ ಎಲ್ಲರೂ ತಪ್ಪಿದರೆ, ಅಬ್ಬಬ್ಬಾ, ಹಿಂಗಾಲು ಝಾಡಿಸಿ, ದೊಪ್ಪನೆ ಬೆನ್ನ ಮೇಲೆ ಬಿದ್ದು, ನಾಲ್ಕೂ ಕಾಲು ಮೇಲೆತ್ತಿ ಬಾಲದಿಂದ ಸೊಳ್ಳೆ ಹೊಡೆಯುತ್ತಿತ್ತು. ಎಂಟು ವರ್ಷದ ಮಗುವಿಗೆ ತಾವರೆ ಬೇಕೋ, ಕತ್ತೆ ಬೇಕೋ, ನೀನೇ ಹೇಳು.

ಮೊದಲ ವಾರ ತಾವರೆ ಅರಳಿತು. ಎರಡನೇ ವಾರ ಯಾವುದೋ ಮಗ್ಗಿಯಲ್ಲಿ ಅರ್ಧ ಜನ ನಿಜಕ್ಕೂ ತಪ್ಪಿದರು, ಕತ್ತೆ ಒಂದು ಸಲ ಅರಚಿತು. ಮುಗಿಯಿತು ಕತೆ. ಅಂದಿನಿಂದ ಆ ಶಾಲೆಯಲ್ಲಿ ಯಾರೂ ತಾವರೆ ಕಾಣಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ದಿನಾ ಸೊನ್ನೆ. ಇಪ್ಪತ್ತೆರಡು ಮಕ್ಕಳು, ಇಪ್ಪತ್ತೆರಡೂ ತಪ್ಪು. ಕತ್ತೆ ಬೆನ್ನ ಮೇಲೆ ಬಿದ್ದು ಬಿದ್ದು ಅದಕ್ಕೇ ಸುಸ್ತಾಗಿರಬೇಕು.

ಆಕಳಿಕೆ ಮಾತ್ರ ನಿಂತಿತ್ತು. ಒಂದು ಮಗುವೂ ಶಾಲೆ ತಪ್ಪಿಸುತ್ತಿರಲಿಲ್ಲ. ಜ್ವರ ಬಂದವನೂ ಕಂಬಳಿ ಹೊದ್ದು ಬಂದು ಕೂರುತ್ತಿದ್ದ. ಇಷ್ಟು ಆಸಕ್ತಿಯಿಂದ ಕೂತ ಮಕ್ಕಳಿಗೆ ಒಂದು ಉತ್ತರವೂ ಬರುವುದಿಲ್ಲವಲ್ಲ ಎಂದು ಮೇಷ್ಟ್ರು ತಲೆ ಚಚ್ಚಿಕೊಂಡ. ಅಕ್ಷರ ದೊಡ್ಡದು ಮಾಡಿದ. ಸದ್ದು ಏರಿಸಿದ. ಸೊನ್ನೆ ಅಲ್ಲಾಡಲಿಲ್ಲ. ಸೊನ್ನೆ ಬರುವುದು ಪರದೆಯ ಮೇಲೆ, ಹಾಗಾಗಿ ಅವನ ಮುಖ ಸದಾ ಪರದೆಯ ಕಡೆಗೆ, ಬೆನ್ನು ಮಕ್ಕಳ ಕಡೆಗೆ. ಯಾರಾದರೂ ಗಲಾಟೆ ಮಾಡಿದರೆ ತಿರುಗದೆಯೇ "ಏಯ್ ಹದಿನಾಲ್ಕು, ಸುಮ್ಮನೆ ಕೂರು" ಎನ್ನುತ್ತಿದ್ದ. ರಿಮೋಟಿನ ನಂಬರೇ ಮಕ್ಕಳ ಹೆಸರಾಯಿತು.

ಕೊನೆಗೆ ಸೋತು ಒಂದು ಕಾಗದ ಬರೆದ. ಈ ಇಪ್ಪತ್ತೆರಡು ಮಕ್ಕಳಿಗೆ ಮಗ್ಗಿ ತಲೆಗೆ ಹತ್ತಿಲ್ಲ, ಇವರನ್ನು ಮತ್ತೆ ಎರಡನೇ ತರಗತಿಗೆ ಕೂರಿಸಲು ಅಪ್ಪಣೆಯಾಗಬೇಕು. ಬರೆಯುವಾಗ ಅವನಿಗೆ ಅಳು ಬಂತು. ಸುಳ್ಳಲ್ಲ, ಅವನು ಕೆಟ್ಟವನಲ್ಲ ಎಂದು ಮೊದಲೇ ಹೇಳಿದೆನಲ್ಲ.

ಕಾಗದಕ್ಕೆ ರುಜು ಹಾಕಲು ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಕುರ್ಚಿ ಎಳೆದುಕೊಂಡು ಪರದೆಯ ಎದುರು ಕೂತರು. ಏಳೆಂಟು ಎಷ್ಟು ಎಂಬ ಪ್ರಶ್ನೆ ಬಂತು. ಇಪ್ಪತ್ತೆರಡು ಬೆರಳು ಒತ್ತಿದವು. ಕತ್ತೆ ಬೆನ್ನ ಮೇಲೆ ಬಿತ್ತು. ಒಂಬತ್ತಾರು ಎಷ್ಟು? ಮತ್ತೆ ಕತ್ತೆ. ಮಕ್ಕಳು ಬಿದ್ದೂ ಬಿದ್ದೂ ನಕ್ಕರು. ತಮ್ಮ ತಲೆಯ ಮೇಲೆ ಒಂದು ವರ್ಷ ಹಾಳಾಗುವ ಕತ್ತಿ ತೂಗುತ್ತಿದೆ ಎಂದು ಪಾಪ, ಅವಕ್ಕೇನು ಗೊತ್ತು?

"ಏನ್ರೀ ಇದು, ಶಾಲೆಯೋ ಕತ್ತೆ ಸಂತೆಯೋ? ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ! ಎಲ್ಲರನ್ನೂ ಎರಡನೇ ತರಗತಿಗೆ ಅಟ್ಟಿ," ಎಂದು ಸಾಹೇಬರು ಪೆನ್ನು ತೆಗೆದರು.

ಆ ಹೊತ್ತಿಗೆ ಬಿಸಿಯೂಟದ ಅಡುಗೆಯಾಕೆ ಬಾಗಿಲಿಗೆ ಬಂದಳು. ಎಷ್ಟು ಜನಕ್ಕೆ ಅನ್ನ ಮಾಡಬೇಕೆಂದು ದಿನಾ ಬಂದು ಎಣಿಸಿಕೊಂಡು ಹೋಗುವುದು ಅವಳ ಕೆಲಸ. ಪರದೆ ಇದ್ದದ್ದು ಬಾಗಿಲಿದ್ದ ಗೋಡೆಗೇ. ಬಾಗಿಲಲ್ಲಿ ನಿಂತವರಿಗೆ ಪರದೆ ಕಾಣುವುದಿಲ್ಲ, ಮಕ್ಕಳ ಮುಖ ಮಾತ್ರ ಕಾಣುತ್ತದೆ. ಎರಡನೇ ತರಗತಿ ಎಂಬ ಮಾತು ಅವಳ ಕಿವಿಗೆ ಬಿತ್ತು.

"ಯಾಕೆ ಸಾರ್, ಏನು ತಪ್ಪು ಮಾಡಿದವು?"

"ಇವರಿಗೆ ಮಗ್ಗಿ ಬರುವುದಿಲ್ಲವಮ್ಮ," ಎಂದ ಮೇಷ್ಟ್ರು.

"ಅಯ್ಯೋ ಶಿವನೇ! ಮಗ್ಗಿ ಬರಲ್ವೇ? ಒಂದು ತಿಂಗಳಿಂದ ನಲ್ಲಿ ಹತ್ರ ತಟ್ಟೆ ತೊಳೀತಾ ಅದನ್ನೇ ಒದರ್ತಾವೆ. 'ಏಳೆಂಟ್ಲ ಐವತ್ತಾರು, ಐವತ್ತಾರು ಮಾತ್ರ ಒತ್ತಬೇಡ್ರೋ' ಅಂತ ದೊಡ್ಡವು ಸಣ್ಣವಕ್ಕೆ ಹೇಳಿಕೊಡ್ತಾವೆ. ಮೊದಮೊದಲು ಒಬ್ಬ ಮರೆತು ಸರಿ ಒತ್ತಿದ ಅಂತ ಅವನ ಮೊಟ್ಟೆ ಕಿತ್ಕೊಂಡು ತಿಂದ್ರು. ನಾನು ಇನ್ನೊಂದು ಕೊಟ್ಟು ಅಳು ನಿಲ್ಲಿಸಿದೆ."

"ಬಾಯಿ ಮಾತು ಯಾರು ನಂಬುತ್ತಾರೆ?" ಎಂದರು ಸಾಹೇಬರು.

"ನಂಬಬೇಡಿ. ಬನ್ನಿ, ನಾನು ನಿಂತ ಜಾಗದಲ್ಲಿ ನಿಂತು ನೋಡಿ. ನಮ್ಮ ಮೇಘಶ್ರೀಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಗು ಬಂದ್ರೆ ನಾಚಿಕೊಂಡು ಬಾಯಿಗೆ ಕೈ ಅಡ್ಡ ಇಡ್ತಾಳೆ. ಆ ಕೈ ಯಾವಾಗ ಮೇಲೆ ಹೋಗುತ್ತೆ ನೋಡ್ಕೊಳ್ಳಿ, ಸಾಕು."

"ಮೇಘಶ್ರೀ ಯಾರ್ರೀ?" ಎಂದು ಸಾಹೇಬರು ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ಪರದೆಯಲ್ಲಿ ಹುಡುಕತೊಡಗಿದ.

ಅಡುಗೆಯಾಕೆಯೇ ಬೆರಳು ಮಾಡಿ ತೋರಿಸಿದಳು. ಸಾಹೇಬರು ಎದ್ದು ಬಾಗಿಲಿಗೆ ಹೋದರು. ಮೇಷ್ಟ್ರೂ ಹೋಗಿ ನಿಂತ. ಎಷ್ಟೋ ದಿನದ ಮೇಲೆ ಅವನು ಆ ಕಡೆ ತಿರುಗಿದ್ದು ಅಂದೇ. ಆರೇಳು ಎಷ್ಟು ಎಂಬ ಪ್ರಶ್ನೆ ಬಂತು. ಬೆರಳುಗಳು ಒತ್ತಿದವು. ಯಂತ್ರ ಎಣಿಸುತ್ತಾ ಕೂತಿತ್ತು, ಕತ್ತೆ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ಆ ಹುಡುಗಿಯ ಕೈ ಬಾಯಿಗೆ ಹೋಯಿತು. ಪಕ್ಕದವನ ಹೆಗಲು ಕುಣಿಯಿತು. ಹಿಂದಿನ ಸಾಲು ತುಟಿ ಕಚ್ಚಿ ಕೆಂಪಗಾಯಿತು. ಆಮೇಲೆ ಕತ್ತೆ ದೊಪ್ಪನೆ ಬಿದ್ದ ಸದ್ದು ಕೇಳಿತು.

ಸಾಹೇಬರು ಲೆಕ್ಕದ ಮನುಷ್ಯ. ಅವರಿಗೆ ಹೊಳೆಯಿತು. ಉತ್ತರ ಗೊತ್ತಿಲ್ಲದವರು ಕತ್ತೆ ಬರುವವರೆಗೆ ಕಾಯಬೇಕು, ಇವರು ಕಾಯಲಿಲ್ಲ. ನಾಲ್ಕರಲ್ಲಿ ಒಂದು ಸರಿ ಇರುವಾಗ ಕಣ್ಣು ಮುಚ್ಚಿ ಒತ್ತಿದರೂ ಐದಾರು ಜನ ಸರಿಯಾಗಬೇಕು. ದಿನಾ ಸೊನ್ನೆ ಬರಬೇಕಾದರೆ ಇಪ್ಪತ್ತೆರಡು ಮಕ್ಕಳಿಗೂ ಮಗ್ಗಿ ಬಾಯಿಪಾಠ ಇರಲೇಬೇಕು.

"ಮೇಷ್ಟ್ರೇ, ಕತ್ತೆಯನ್ನು ಬಿಚ್ಚಿ ಸರಿ ಉತ್ತರಕ್ಕೆ ಕಟ್ಟಿ," ಎಂದರು.

ಮೇಷ್ಟ್ರು ಯಂತ್ರದ ಕಿವಿ ತಿರುಚಿ, ತಾವರೆಯನ್ನು ತಪ್ಪಿಗೂ ಕತ್ತೆಯನ್ನು ಸರಿಗೂ ಹಾಕಿದ. ಹೀಗೆ ಮಾಡಿದ್ದೇನೆ ಎಂದು ಮಕ್ಕಳಿಗೆ ಹೇಳಿದ. ಮತ್ತೆ ಏಳೆಂಟು ಬಂತು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡು ಸರಿ. ಕತ್ತೆ ದೊಪ್ಪನೆ ಬಿತ್ತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು ಕೇಳಿ ಎಂದರು, ಮತ್ತೊಂದು ಕೇಳಿ ಎಂದರು. ಹತ್ತರೊಳಗಿನ ಮಗ್ಗಿ ಮುಗಿದು ಹನ್ನೆರಡರದ್ದು, ಹದಿಮೂರರದ್ದು ಬಂತು. ಅಲ್ಲಿ ಸಾಹೇಬರಿಗೇ ಸಂಶಯ ಬಂದು, ಆ ಕಾಗದದ ಹಿಂದೆ ಹದಿಮೂರರ ಮಗ್ಗಿ ಬರೆದು ತಾಳೆ ನೋಡಿಕೊಂಡರು. ಕಾಗದಕ್ಕೆ ಅದೊಂದೇ ಉಪಯೋಗವಾಯಿತು, ರುಜು ಬೀಳಲಿಲ್ಲ. ಅಷ್ಟರಲ್ಲಿ ಮಾಡಿಟ್ಟ ಅನ್ನವೂ ಆರಿ ಅಡುಗೆಯಾಕೆ ಎಲ್ಲರನ್ನೂ ಬೈದಳು.

ಹೋಗುವ ಮುಂಚೆ ಸಾಹೇಬರು ಆ ಹುಡುಗಿಯ ಹತ್ತಿರ ಬಗ್ಗಿ, "ಜಾಣೆ, ನಿನ್ನ ಹೆಸರೇನು?" ಎಂದು ಕೇಳಿದರು.

ಅವಳು ಎದ್ದು ನಿಂತು, ಬಾಯಿಗೆ ಕೈ ಅಡ್ಡ ಇಟ್ಟು, "ಹದಿನಾಲ್ಕು ಸಾರ್," ಎಂದಳು.

ಮೇಷ್ಟ್ರು ತಲೆ ತಗ್ಗಿಸಿದ. ಅವತ್ತು ಅವನಿಗೆ ಊಟ ಸೇರಲಿಲ್ಲ.

ಕತೆ ಮುಗಿಯಿತು. ಗುರುಗಳ ಮುಂದೆ ಸುಲಿದ ಕಾಳಿನ ರಾಶಿ ಬೆಳೆದಿತ್ತು. ತಿಪ್ಪೇಶ ಕತ್ತೆಯ ಭಾಗಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಈಗ ಗಂಭೀರನಾಗಿ ಕೇಳಿದ.

"ಅಂದರೆ ಬೋರ್ಡು, ಟ್ಯಾಬು ಎಲ್ಲ ಆರಿಸಿಬಿಡಬೇಕೇ ಗುರುಗಳೇ?"

"ಯಾರಪ್ಪ ಹಾಗೆಂದವರು? ಕತ್ತೆ ಚಿನ್ನದಂಥ ಕತ್ತೆ. ಆ ಮೇಷ್ಟ್ರು ಕಲಿಸಲಾರದ್ದನ್ನು ಅದು ಬೆನ್ನ ಮೇಲೆ ಬಿದ್ದು ಕಲಿಸಿತು. ಇರಲಿ ಬಿಡು."

"ಹಾಗಾದರೆ ನನ್ನ ಪಟ್ಟಿ?" ಎಂದು ತಿಪ್ಪೇಶ ಟ್ಯಾಬಿನ ಮೇಲೆ ಬೆರಳಾಡಿಸಿದ. ಹತ್ತೊಂಬತ್ತು ಕೆಂಪು ಗೆರೆಗಳು ಮೇಲಕ್ಕೆ ಸರಿದವು.

ಗುರುಗಳು ಅವರೆಕಾಯಿಯ ಮೊರವನ್ನು ಎತ್ತಿ ಟ್ಯಾಬಿನ ಮೇಲೆ ಇಟ್ಟರು.

"ಆ ಹತ್ತೊಂಬತ್ತು ಮಕ್ಕಳಲ್ಲಿ ಈಗ ಮುಂದಿನ ಹಲ್ಲು ಬಿದ್ದಿರುವುದು ಯಾರ್ಯಾರಿಗೆ, ಇದನ್ನು ನೋಡದೆ ಹೇಳು."