ಮಾವನ ಕಾಲು ಹಿಡಿದ ಓಬಳ

ಗಾಳಿಗೆ ಬರವಿಲ್ಲದ ಒಂದು ಗುಡ್ಡ, ಗುಡ್ಡದ ಬುಡಕ್ಕೊಂದು ಊರು, ಊರಿಗೊಬ್ಬ ಓಬಳ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವನ ಅವ್ವ ತಿಪ್ಪವ್ವನ ಗೋಳು. ಅಣ್ಣ ಗಾದ್ರಪ್ಪನ ಮಗಳನ್ನು ಸೊಸೆ ಮಾಡಿಕೊಳ್ಳಬೇಕೆಂದು ಅವಳಿಗೆ ಬಲು ಆಸೆ. ಗಾದ್ರಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಓಬಳ ಒಂದು ಕೆಲಸದಲ್ಲಿ ನಿಲ್ಲಲಿ, ನಾನೇ ಬಂದು ಕಣ್ಣಾರೆ ನೋಡುತ್ತೇನೆ, ಹೆಣ್ಣಿನ ಮಾತು ಆಮೇಲೆ.

ಗುಡ್ಡದ ನೆತ್ತಿಯಲ್ಲಿ ವಾಮದೇವಪ್ಪ ಮೇಷ್ಟ್ರು ಜನಕ್ಕೆ ಹಾರುವುದನ್ನು ಕಲಿಸುತ್ತಿದ್ದರು. ದೊಡ್ಡ ಬಟ್ಟೆಯ ಛತ್ರಿಯನ್ನು ನೆಲಕ್ಕೆ ಹಾಸಿ, ಅದರ ದಾರಗಳನ್ನು ಮೈಗೆ ಬಿಗಿದುಕೊಂಡು ಅಂಚಿನ ಕಡೆಗೆ ಓಡಿದರೆ, ಛತ್ರಿ ಗಾಳಿ ತುಂಬಿಕೊಂಡು ಮೇಲಕ್ಕೆ ಎತ್ತುತ್ತಿತ್ತು. ತಿಪ್ಪವ್ವ ಕೈಮುಗಿದು ಮಗನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದಳು.

ಮೊದಲ ದಿನ ಮೇಷ್ಟ್ರು ಛತ್ರಿ ಹಾಸಿ, ಗಾಳಿ ಬಂದರೆ ಹೇಳು ಎಂದು ಚಾ ಕುಡಿಯಲು ಹೋದರು. ಗಾಳಿ ಬಂತು. ಓಬಳ ಹೇಳಿದ. ಯಾರಿಗೆ? ಗುಡ್ಡ ಇಳಿದು ಮನೆಗೆ ಓಡಿ ಅವ್ವನಿಗೆ ಹೇಳಿದ! ಅಷ್ಟರಲ್ಲಿ ಛತ್ರಿ ಜಾಲಿಮರ ಏರಿ ಕೂತಿತ್ತು.

"ಅಯ್ಯೋ ಪೆದ್ದೇ, ಗಾಳಿ ಬಂದ್ರೆ ಛತ್ರಿ ಮ್ಯಾಲೆ ಬಿದ್ದು ಅದುಮಿ ಹಿಡ್ಕಬೇಕಲೇ" ಎಂದಳು ತಿಪ್ಪವ್ವ.

"ಹೂಂ ಕಣವ್ವ."

ಮರುದಿನ ಒಬ್ಬ ದಢೂತಿ ಸಾಹುಕಾರ ಹಾರಲು ಬಂದ. ದಾರ ಬಿಗಿದುಕೊಂಡು ಓಡಿದ. ಗಾಳಿ ಬಂತು, ಛತ್ರಿ ಇನ್ನೇನು ಏಳಬೇಕು, ಓಬಳ ಧೊಪ್ಪೆಂದು ಅದರ ಮೇಲೆ ಬಿದ್ದು ಅದುಮಿ ಹಿಡಿದ. ಸಾಹುಕಾರ ಮುಂದಕ್ಕೆ ಎಳೆದ, ಓಬಳ ಹಿಂದಕ್ಕೆ ಎಳೆದ, ಕೊನೆಗೆ ಸಾಹುಕಾರ ಅಂಗಾತ ಬಿದ್ದ. ಮೇಷ್ಟ್ರು ಕೈಗೆ ಸಿಕ್ಕ ಕೋಲು ಹಿಡಿದು ಓಬಳನನ್ನು ಮನೆತನಕ ಅಟ್ಟಿಸಿಕೊಂಡು ಬಂದರು.

ತಿಪ್ಪವ್ವ ಹಣೆ ಚಚ್ಚಿಕೊಂಡಳು. "ಹಾರೋರು ಓಡಿ ಬಂದ್ರೆ ಅಲ್ಲಿರಬ್ಯಾಡ ಕಣಲೇ. ಕಾಲಿಗೆ ಬುದ್ಧಿ ಹೇಳು."

"ಹೂಂ ಕಣವ್ವ."

ಅದರ ಮರುದಿನ ಮೇಷ್ಟ್ರೇ ಕೊಳವೆಗಳಿಗೆ ಬಟ್ಟೆ ಬಿಗಿದ ಹಾರುವ ರೆಕ್ಕೆಯೊಂದನ್ನು ಹೆಗಲಿಗೇರಿಸಿಕೊಂಡು ಓಡಿ ಬರುತ್ತಿದ್ದರು. ಓಬಳ ಅವರ ದಾರಿಯ ನಡುವೆಯೇ ಕಾಲು ಚಾಚಿ ಕೂತ. "ನೋಡ್ರಪ್ಪ ಕಾಲುಗಳೇ, ಕೆಸರು ತುಳೀಬ್ಯಾಡಿ, ದೊಡ್ಡೋರ ಎದುರು ಒಬ್ಬರ ಮ್ಯಾಲೊಬ್ಬರು ಕೂರಬ್ಯಾಡಿ. ಎಡಗಾಲೇ, ನಿನಗೇ ಹೇಳ್ತಿರೋದು."

ಮೇಷ್ಟ್ರು ಅವನ ತಲೆಗೂದಲು ಸವರಿಕೊಂಡೇ ಹಾರಿಹೋದರು. ಮೇಲಿನಿಂದ ಅವರು ಬೈದದ್ದು ಸುತ್ತಲ ಹಳ್ಳಿಗೆಲ್ಲ ಕೇಳಿಸಿತು. ಇನ್ನೊಂದು ತಪ್ಪು ಮಾಡಿದರೆ ಕೆಲಸವಿಲ್ಲ ಎಂಬುದೂ ಅದರಲ್ಲೇ ಸೇರಿತ್ತು.

ತಿಪ್ಪವ್ವನಿಗೆ ಅಳು ಬಂತು. ಬೆಳಗಾದರೆ ಅಣ್ಣ ಬರುವವನಿದ್ದ. "ನಿನ್ನ ಕಾಲಿಗೆ ಹೇಳಿ ಏನು ಬಂತಲೇ? ನಾಳೆ ಮಾವನ ಕಾಲು ಹಿಡಿ. ಕೊಟ್ಟೆ ಅನ್ನೋತನಕ ಬಿಡಬ್ಯಾಡ."

"ಹೂಂ ಕಣವ್ವ."

ಗಾದ್ರಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಗುಡ್ಡ ಹತ್ತಿದ. ಹಾರುವವರನ್ನು ನೋಡನೋಡುತ್ತ ಅವನಿಗೂ ಆಸೆಯಾಯಿತು. ಮೇಷ್ಟ್ರು ಅವನನ್ನು ತಮ್ಮ ಮುಂದೆ ಬಿಗಿದುಕೊಂಡು ಓಡಿದರು. ಛತ್ರಿ ಎದ್ದಿತು, ಗಾದ್ರಪ್ಪನ ಪಾದ ನೆಲ ಬಿಟ್ಟಿತು. ಓಬಳನಿಗೆ ಅವ್ವನ ಮಾತು ನೆನಪಾದದ್ದು ಆಗಲೇ. ಓಡಿ ಬಂದು ಮಾವನ ಎರಡೂ ಕಾಲು ತಬ್ಬಿ ಹಿಡಿದ. ಗುಡ್ಡ ಹಿಂದಕ್ಕೆ ಸರಿಯಿತು, ಮೂವರೂ ತೇಲಿಹೋದರು.

"ಬಿಡಲೇ, ಸಾಯ್ತೀವಿ!"

"ಹೆಣ್ಣು ಕೊಡ್ತೀಯಾ ಮಾವ?"

ಮೂವರ ಭಾರಕ್ಕೆ ಛತ್ರಿ ಜಗ್ಗುತ್ತ ಊರ ಕಣದ ಮೇಲಕ್ಕೆ ಬಂತು. ಗಾದ್ರಪ್ಪ ಕಣ್ಣು ಮುಚ್ಚಿಕೊಂಡು, "ಕೊಟ್ಟೆ ಕಣಲೇ, ಕೊಟ್ಟೆ!" ಎಂದು ಕೂಗಿದ.

"ಆಗ್ಲಿ ಮಾವ" ಎಂದು ಓಬಳ ಅಲ್ಲೇ ಕೈಬಿಟ್ಟ. ಬಿದ್ದದ್ದು ಶೇಂಗಾ ಹೊಟ್ಟಿನ ರಾಶಿಯ ಮೇಲೆ. ಜೊತೆಗೆ ಮಾವನ ಪಂಚೆಯೂ ಬಂತು.

ಗಾದ್ರಪ್ಪ ಮೇಷ್ಟ್ರ ಜೊತೆ ಪಟ್ಟೆ ಚಡ್ಡಿಯಲ್ಲೇ ಕಣಕ್ಕಿಳಿದ. ಊರೆಲ್ಲ ಸೇರಿತ್ತು, ಊರೆಲ್ಲ ನಗುತ್ತಿತ್ತು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಹೆಣ್ಣೂ ಇಲ್ಲ ಏನೂ ಇಲ್ಲ, ಗಾಳಿಯಲ್ಲಿ ಆಡಿದ್ದೆಲ್ಲ ಗಾಳಿಮಾತು ಎಂದ. ಗುಂಪಿನಲ್ಲಿದ್ದ ತಿಪ್ಪವ್ವ ತಲೆ ಮೇಲೆ ಕೈ ಹೊತ್ತು ಕೂತಳು.

ಹೊಟ್ಟಿನಿಂದ ಎದ್ದುಬಂದ ಓಬಳ ಮತ್ತೆ ಮಾವನ ಕಾಲು ಹಿಡಿದ. "ಹಂಗಾದ್ರೆ ನೆಲದ ಮ್ಯಾಲೆ ಹೇಳು ಮಾವ."

ಗಾದ್ರಪ್ಪ ಕೊಸರಿದ, ಒದೆದ, ಬೈದ. ಹಿಡಿತ ಸಡಿಲಲಿಲ್ಲ. ನಗುವವರು ಹೆಚ್ಚಾದರು, ಚಡ್ಡಿಯೂ ಜಾರತೊಡಗಿತು.

"ಕೊಟ್ಟೆ ಮಾರಾಯ, ಎಲ್ಲಾ ಕೊಟ್ಟೆ! ಕಾಲು ಬಿಡು."

ಓಬಳ ಕಾಲು ಬಿಟ್ಟ. ಮಾವನ ಪಂಚೆಯನ್ನು ಕೊಡವಿ, ಅಚ್ಚುಕಟ್ಟಾಗಿ ಮಡಿಸಿ, ತನ್ನ ಹೆಗಲಿಗೆ ಹಾಕಿಕೊಂಡು ಅವ್ವನ ಹತ್ತಿರ ಹೋದ.

"ಹೆಣ್ಣೂ ಕೊಟ್ಟ ಕಣವ್ವ, ಪಂಚೇನೂ ಕೊಟ್ಟ."